ಬಟನ್ ತುಂಬಿದೆ, ಆದ್ರೆ ಟೈರ್ ಬಿರುಕು ಬಿಟ್ಟಿದೆ: ಹಳೇ ಜಾವಾ, ಯೆಜ್ಡಿ, ಬುಲೆಟ್ ಟೈರ್‌ಗಳ ಆಯಸ್ಸು ಎಷ್ಟು?

ಮೈಸೂರು_250
ಗಾಡಿ ಜಾವಾ 250, ಎರಡೂ ಕಡೆ 3.25-16 ಟೈರ್ (ಅಗಲ 3.25 ಇಂಚು, ರಿಮ್ 16 ಇಂಚು). ಬಹಳ ವರ್ಷ ಶೆಡ್‌ನಲ್ಲಿ ನಿಂತಿದ್ದ ಗಾಡಿ. ಹಿಂದಿನ ಟೈರಿನಲ್ಲಿ ಬಟನ್ (ನೆಲಕ್ಕೆ ತಾಗೋ ರಬ್ಬರ್ ಉಬ್ಬುಗಳು) ಇನ್ನೂ 6 ಮಿ.ಮೀ. ಇದೆ, ಆದರೆ ಪಕ್ಕದ ಗೋಡೆಯಲ್ಲಿ ಕೂದಲೆಳೆ ಬಿರುಕುಗಳಿವೆ, ಬಟನ್‌ಗಳ ಸಂದಿಯಲ್ಲೂ ಅಲ್ಲಲ್ಲಿ ಕಾಣುತ್ತವೆ. ಅದರ ಮೇಲೆ ತಯಾರಿ ಅಂಕಿ 1409 ಅಂತ ಇದೆ. ಮುಂದಿನದು ಉದ್ದುದ್ದ ಗೆರೆಯ ಹಳೇ ನಮೂನೆ. ಅದರಲ್ಲಿ ನಾಲ್ಕಂಕಿ ಇಲ್ಲವೇ ಇಲ್ಲ, 327 ಅಂತ ಮೂರಂಕಿ ಮಾತ್ರ. ಆ ನಮೂನೆ ಈಗ ಸಿಗೋದಿಲ್ಲ, ಹಾಗಾಗಿ ತೆಗೆಯೋಕೆ ಮನಸ್ಸಿಲ್ಲ.

ಪ್ರಶ್ನೆ ಮೂರು. ಇವುಗಳಲ್ಲಿ ಓಡಿಸಬಹುದಾ? ಬಿರುಕಿಗೆ ಸಲ್ಯೂಷನ್ ತುಂಬಿ ಪಾಲಿಶ್ ಹೊಡೆದರೆ ನಿಲ್ಲುತ್ತಾ? ಟ್ಯೂಬ್‌ಗಳಲ್ಲಿ ಗಾಳಿ ನಿಲ್ಲುತ್ತಿದೆ, ಅವನ್ನೇ ಉಳಿಸಿಕೊಳ್ಳಬಹುದಾ?

ಕಡ್ಡಿಚಕ್ರ
ಮುಂದಿನದಕ್ಕೆ ಚರ್ಚೆಯೇ ಬೇಡ ಸರ್. ಮೂರಂಕಿ ಅಂದರೆ 2000ಕ್ಕೆ ಮುಂಚಿನದು. ಮೊದಲ ಎರಡು ವಾರ, ಕೊನೆಯದು ವರ್ಷದ ಕೊನೆಯ ಅಂಕಿ. 327 ಅಂದರೆ 32ನೇ ವಾರ, ವರ್ಷ 1997 ಇರಬಹುದು, 1987 ಇರಬಹುದು, 1977 ಕೂಡ ಇರಬಹುದು. ಯಾವುದಾದರೂ ಒಂದೇ, ರಸ್ತೆಗೆ ಆಗೋದಿಲ್ಲ. 2000ದಿಂದ ನಾಲ್ಕಂಕಿ ಬಂತು: 1409 ಅಂದರೆ 2009ರ 14ನೇ ವಾರ, ಅಂದಾಜು ಏಪ್ರಿಲ್ ಮೊದಲ ವಾರ. ಈ ಅಂಕಿ ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿರುತ್ತೆ. ಕಾಣದಿದ್ದರೆ "ಇಲ್ಲ" ಅಂತ ತೀರ್ಮಾನಿಸೋ ಮೊದಲು ಚೈನ್ ಕೇಸ್ ಕಡೆಯ ಪಕ್ಕಕ್ಕೂ ಟಾರ್ಚ್ ಹಿಡಿದು ನೋಡಿ.

ಹಿಂದಿನದರಲ್ಲಿ ಬಿರುಕು ಎಲ್ಲಿದೆ ಅನ್ನೋದು ಮುಖ್ಯ, ಎಷ್ಟಿದೆ ಅನ್ನೋದು ಆಮೇಲೆ. ಪಕ್ಕದ ಗೋಡೆಯ ಮೇಲ್ಪದರದಲ್ಲಿ ಉಗುರು ಸಿಕ್ಕದಷ್ಟು ಸಣ್ಣ ಬಿರುಕು ವಯಸ್ಸಿನ ಗುರುತು, ಮೊದಲ ಎಚ್ಚರಿಕೆ. ಬಟನ್ ಸಂದಿಯ ತಳದಲ್ಲಿರೋ ಬಿರುಕು ಅದಕ್ಕಿಂತ ಕೆಟ್ಟದ್ದು, ಯಾಕಂದ್ರೆ ಅಲ್ಲಿ ನೈಲಾನ್ ದಾರದ ಮೇಲೆ ಇರೋ ರಬ್ಬರೇ ತೆಳು. ಟೈರ್ ನೆಲಕ್ಕೆ ಒತ್ತಿದಾಗಲೆಲ್ಲ ಆ ಸಂದಿ ತೆರೆದು ಮುಚ್ಚುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ರಿಮ್ ಅಂಚಿನ ಪಕ್ಕದಲ್ಲೇ ಟೈರ್ ಸುತ್ತ ಹೋಗೋ ಬಿರುಕು. ಅದು ಕಡಿಮೆ ಗಾಳಿಯಲ್ಲಿ ಓಡಿಸಿದ್ದರಿಂದ, ಇಲ್ಲಾ ಗಾಳಿ ಇಳಿದ ಟೈರಿನ ಮೇಲೆ ಗಾಡಿ ವರ್ಷಗಟ್ಟಲೆ ಕೂತಿದ್ದರಿಂದ ಬರುತ್ತೆ. ಅದು ಕಂಡರೆ ಟೈರ್ ಬಿಚ್ಚಿ ಎಸೆಯೋದೇ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ನಿಲ್ಲೋದಿಲ್ಲ. ಮೂರನೆಯದಕ್ಕೆ: ಉಳಿಸಬೇಡಿ.

ರಬ್ಬರ್_ಲ್ಯಾಬ್
ಯಾಕೆ ಬಿರುಕು ಬರುತ್ತೆ ಅನ್ನೋದು ತಿಳಿದರೆ ಉಳಿದದ್ದೆಲ್ಲ ಸುಲಭ. ಇಲ್ಲಿ ಎರಡು ಬೇರೆ ಬೇರೆ ಕೆಲಸ ನಡೀತಿರುತ್ತೆ, ಜನ ಎರಡನ್ನೂ ಸೇರಿಸಿ "ಬಿಸಿಲಿಗೆ ಒಣಗಿದೆ" ಅಂದುಬಿಡ್ತಾರೆ.

ಮೊದಲನೆಯದು ಓಝೋನ್. ಟೈರಿಗೆ ಬಳಸೋ ನೈಸರ್ಗಿಕ ರಬ್ಬರ್, ಕೃತಕ ರಬ್ಬರ್‌ಗಳಾದ ಎಸ್‌ಬಿಆರ್, ಪಾಲಿಬ್ಯೂಟಡೈನ್ ಈ ಮೂರರ ಅಣುಸರಪಳಿಯಲ್ಲೂ ಜೋಡಿ ಬಂಧಗಳಿವೆ. ಓಝೋನ್ ನೇರ ಅಲ್ಲಿಗೇ ಹೋಗಿ ಸರಪಳಿ ಕಡಿಯುತ್ತೆ. ಇದು ಮೇಲ್ಮೈಯಲ್ಲಿ ಮಾತ್ರ, ಅದೂ ರಬ್ಬರ್ ಎಳೆತದಲ್ಲಿದ್ದರೆ ಮಾತ್ರ. ಎಳೆತವಿಲ್ಲದ ರಬ್ಬರಿಗೆ ಓಝೋನ್ ಬಿರುಕು ಬರೋದಿಲ್ಲ. ಹಾಗಾಗಿ ಬಿರುಕು ಯಾವತ್ತೂ ಎಳೆತಕ್ಕೆ ಅಡ್ಡವಾಗೇ ಇರುತ್ತೆ, ಮತ್ತು ನಿಂತ ಗಾಡಿಯಲ್ಲಿ ಟೈರ್ ನೆಲಕ್ಕೆ ತಾಗಿ ಉಬ್ಬಿದ ಜಾಗದಲ್ಲೇ ಮೊದಲು ಕಾಣುತ್ತೆ. ಬ್ರಷ್ ಇರೋ ಮೋಟಾರು, ವೆಲ್ಡಿಂಗ್ ಸೆಟ್ಟು ಕಿಡಿಯಿಂದ ಓಝೋನ್ ಮಾಡುತ್ತವೆ. ವೆಲ್ಡಿಂಗ್ ಅಂಗಡಿ ಪಕ್ಕದ ಶೆಡ್ಡು ಹಳೇ ಗಾಡಿಗೆ ಒಳ್ಳೇ ಜಾಗವಲ್ಲ.

ಎರಡನೆಯದು ಆಮ್ಲಜನಕ ಮತ್ತು ಬಿಸಿ. ಇದು ಇಡೀ ರಬ್ಬರನ್ನು ನಿಧಾನಕ್ಕೆ ಗಟ್ಟಿ ಮಾಡುತ್ತೆ, ಹೊರಗೆ ಒಂದು ಬಿರುಕೂ ಇಲ್ಲದೆ. ಉಷ್ಣತೆ 10 ಡಿಗ್ರಿ ಏರಿದರೆ ವೇಗ ಸುಮಾರು ಎರಡರಷ್ಟು ಅಂತ ಲೆಕ್ಕ. ರಾಯಚೂರಿನ ತಗಡಿನ ಶೆಡ್‌ನಲ್ಲಿ ಐದು ವರ್ಷ, ಮಡಿಕೇರಿಯ ನೆಲಮಾಳಿಗೆಯಲ್ಲಿ ಐದು ವರ್ಷ, ಎರಡೂ ಒಂದೇ ಅಲ್ಲ.

ಟೈರ್ ಮಾಡುವವರು ಇದಕ್ಕೆ ಎರಡು ರಕ್ಷೆ ಹಾಕಿರ್ತಾರೆ. ಒಂದು ಮೇಣ. ಅದು ಒಳಗಿಂದ ಹೊರಗೆ ಬಂದು ಮೇಲೆ ತೆಳು ಪದರವಾಗಿ ಕೂರುತ್ತೆ. ಇನ್ನೊಂದು 6ಪಿಪಿಡಿ ಥರದ ರಾಸಾಯನಿಕ. ಅದು ರಬ್ಬರಿಗಿಂತ ಮೊದಲು ಓಝೋನಿಗೆ ತಾನೇ ಬಲಿಯಾಗುತ್ತೆ. ಟೈರ್ ಉರುಳ್ತಾ ಇದ್ದರೆ ಬಾಗಿ ಬಾಗಿ ಒಳಗಿನದು ಮೇಲೆ ಬರ್ತಾ ಇರುತ್ತೆ. ನಿಂತರೆ ಆ ಓಡಾಟ ಬಹಳ ಕಡಿಮೆ. ಹಾಗಾಗಿ ದಿನಾ ಓಡೋ ಟೈರಿಗಿಂತ ನಿಂತ ಟೈರ್ ಬೇಗ ಬಿರುಕು ಬಿಡುತ್ತೆ. ಹೊಸ ಟೈರ್ ಪಕ್ಕದಲ್ಲಿ ಕಂದು ಬಣ್ಣ ಬಂದರೆ ಗಾಬರಿ ಬೇಡ. ಅದು ಈ ರಕ್ಷೆಯೇ, ಉಜ್ಜಿ ತೆಗೀಬೇಡಿ.

ಧಾರವಾಡ_ಬುಲೆಟ್
ಎಲ್ಲಾರೂ ಎಸೀರಿ ಎಸೀರಿ ಅಂತೀರಿ. ಪಕ್ಕದ ಗೋಡಿ ಮ್ಯಾಲ ಕೂದಲೆಳಿ ಬಿರುಕು ಬಂದಾಕ್ಷಣ ಟೈರ್ ಸತ್ತಂಗ ಅಲ್ರಿ. ಟೈರ್ ಮಾಡೋ ಕಂಪನಿಗಳೇ ಹೇಳೋದು ಐದು ವರ್ಷ ಆದಮ್ಯಾಲ ವರ್ಷಕ್ಕೊಮ್ಮೆ ತಜ್ಞರಿಗೆ ತೋರಸ್ರಿ, ಹತ್ತು ವರ್ಷಕ್ಕ ಬಟನ್ ಎಷ್ಟರ ಇರಲಿ ಬದಲಾಯಸ್ರಿ ಅಂತ. ಅಂದ್ರ ಐದರಿಂದ ಹತ್ತರ ನಡುವ ನಾವು ನೋಡಿ ನಿರ್ಧಾರ ಮಾಡಬೇಕು. 2009ರ ಟೈರಿಗೆ ನಾನೂ ಹೂಂ ಅನ್ನೂದಿಲ್ಲ, ಆದ್ರ ಏಳು ವರ್ಷದ್ದು, ನೆಳ್ಳಾಗ ಇಟ್ಟದ್ದು, ಮೆತ್ತಗ ಐತಿ ಅಂದ್ರ ಊರೊಳಗ 40-50ರ ವೇಗದಾಗ ಓಡಸಾಕ ತೊಂದರಿ ಇಲ್ಲ. ಬುಲೆಟ್ ಅಂದ್ರ 3.25-19, ಹಗುರ ಹೊರೆ, ಗಾಳಿ ಸರಿ ಐತಿ ಅಂದ್ರ ಟೈರ್ ಬಿಸಿ ಆಗೂದಿಲ್ಲ.

ಕಡ್ಡಿಚಕ್ರ
ಏಳು ವರ್ಷದ್ದಕ್ಕೆ ನೋಡಿ ತೀರ್ಮಾನಿಸಿ ಅನ್ನೋದು ಒಪ್ಪಿದೆ. ಆದರೆ ಜನ ಹೇಗೆ ನೋಡ್ತಾರೆ ಅನ್ನೋದೇ ತೊಂದರೆ. ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರ ಒಂದು ಸುತ್ತು ತಿರುಗಿಸಿ, "ಚೆನ್ನಾಗಿದೆ" ಅಂತಾರೆ. ಗಾಳಿ ತುಂಬಿದ ಟೈರಿನಲ್ಲಿ ಕೆಲವು ಬಿರುಕು ಮುಚ್ಚಿಕೊಂಡಿರುತ್ತವೆ. ಹೀಗೆ ನೋಡಿ:

ಚಕ್ರ ಬಿಚ್ಚಿ, ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಎರಡು ಹೆಬ್ಬೆರಳಿಂದ ಪಕ್ಕದ ಗೋಡೆ ಒಳಕ್ಕೆ ಒತ್ತಿ ಬಗ್ಗಿಸಿ, ಓರೆಯಾಗಿ ಟಾರ್ಚ್ ಬಿಡಿ. ಒಂದು ಗೇಣಿನಷ್ಟು ಜಾಗ ನೋಡಿ ಮುಂದಿನ ಗೇಣಿಗೆ ಹೋಗಿ, ಪೂರ್ತಿ ಸುತ್ತು, ಎರಡೂ ಪಕ್ಕ. ಬಟನ್‌ಗಳನ್ನು ಅಕ್ಕಪಕ್ಕ ಎಳೆದು ಸಂದಿಯ ತಳ ನೋಡಿ. ಬಿರುಕಿನೊಳಗೆ ದಾರ ಕಂಡರೆ ಅಲ್ಲಿಗೆ ಮುಗೀತು. ಬಿರುಕು 1 ಮಿ.ಮೀ. ದಾಟಿದ್ದರೆ ದಾರ ಕಾಣದಿದ್ದರೂ ನಾನು ಆ ಟೈರ್ ಕೈಬಿಡ್ತೀನಿ. ಆಮೇಲೆ ಟೈರ್ ಒಂದು ಪಕ್ಕ ಬಿಚ್ಚಿ ಒಳಗೆ ಕೈ ಆಡಿಸಿ: ಸುಕ್ಕು, ಉಬ್ಬು, ಸಡಿಲವಾದ ದಾರ, ಕರಿ ಪುಡಿ. ಪುಡಿ ಇದ್ದರೆ ಗಾಳಿ ಇಲ್ಲದೆ ಓಡಿದೆ ಅಂತ ಅರ್ಥ.

ಇನ್ನೊಂದು ಮಾತು. ಇವೆಲ್ಲ ಟ್ಯೂಬ್ ಇರೋ ಕಡ್ಡಿ ಚಕ್ರಗಳು. ಟ್ಯೂಬ್‌ಲೆಸ್‌ನಲ್ಲಿ ಮೊಳೆ ಚುಚ್ಚಿದರೆ ಗಾಳಿ ನಿಧಾನಕ್ಕೆ ಇಳಿಯುತ್ತೆ. ಟ್ಯೂಬ್ ಹರಿದರೆ ಗಾಳಿ ಕಡ್ಡಿ ತೂತುಗಳಿಂದ, ವಾಲ್ವ್ ತೂತಿನಿಂದ ಒಂದೇ ಸಲಕ್ಕೆ ಹೋಗುತ್ತೆ. ಅದು ಮುಂದಿನ ಚಕ್ರವಾದರೆ 40ರ ವೇಗವೂ ಸಣ್ಣದಲ್ಲ. ಕಾಯ್ದೆ ಇಲ್ಲಿ ನೆರವಿಗೆ ಬರೋದಿಲ್ಲ. ದ್ವಿಚಕ್ರಕ್ಕೆ ಬಟನ್ ಆಳ 0.8 ಮಿ.ಮೀ. ಇರಬೇಕು ಅನ್ನುತ್ತೆ, ಅಷ್ಟೆ. ನಿಮ್ಮ 6 ಮಿ.ಮೀ. ಬಟನ್ 15 ವರ್ಷದ ಆರ್‌ಸಿ ನವೀಕರಣದ ತಪಾಸಣೆಯಲ್ಲಿ ಸುಲಭವಾಗಿ ಪಾಸಾಗಬಹುದು.

ಕುಡ್ಲ_ಯೆಜ್ಡಿ
ಟೈರಿನ ಬಗ್ಗೆಯೇ ಮಾತಾಡ್ತಾ ಇದ್ದೀರಿ ಮಾರಾಯ್ರೆ, ಒಳಗೆ ಇರುವುದರ ಕತೆ ಯಾರೂ ಹೇಳಲಿಲ್ಲ. ಕರಾವಳಿಯಲ್ಲಿ ಟೈರಿಗಿಂತ ಮೊದಲು ರಿಮ್ ಹೋಗುತ್ತದೆ. ಟೈರ್ ಬಿಚ್ಚಿದಾಗ ರಿಮ್ ಪಟ್ಟಿ (ಕಡ್ಡಿ ತುದಿ ಟ್ಯೂಬಿಗೆ ತಾಗದ ಹಾಗೆ ರಿಮ್ ಒಳಗೆ ಸುತ್ತುವ ಪಟ್ಟಿ) ಕೈಯಲ್ಲೇ ತುಂಡಾದರೆ ಅದರ ಕೆಳಗೆ ತುಕ್ಕು ಇದ್ದೇ ಇದೆ. ತುಕ್ಕಿನ ಹೆಕ್ಕಳೆ ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ, ಮತ್ತೆ ನೀವು ರಸ್ತೆಯಲ್ಲಿ ಮೊಳೆ ಹುಡುಕುತ್ತೀರಿ.

ತಂತಿ ಬ್ರಷ್ ಹಾಕಿ ಉಜ್ಜಿ, ಒಳಮೈಗೆ ಜಿಂಕ್ ಪ್ರೈಮರ್ ಎರಡು ಕೋಟು, ಒಣಗಲು ಒಂದು ಇಡೀ ದಿನ. ಟೈರಿನ ಅಂಚು ಕೂರುವ ಜಾಗದಲ್ಲಿ ದಪ್ಪ ಬಣ್ಣ ಬೇಡ, ಅಂಚು ಸರಿಯಾಗಿ ಕೂರುವುದಿಲ್ಲ. ಕಡ್ಡಿಯ ತುದಿ ನಿಪ್ಪಲ್‌ನಿಂದ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಟ್ಟು) ಮೇಲೆ ಬಂದಿದ್ದರೆ ಅರದಿಂದ ಸಮ ಮಾಡಿ. ಮತ್ತೆ ಹೊಸ ರಿಮ್ ಪಟ್ಟಿ. ಹಳೆ ಟ್ಯೂಬ್ ಕತ್ತರಿಸಿ ಪಟ್ಟಿ ಮಾಡುವ ಪದ್ಧತಿ ನಮ್ಮಲ್ಲಿ ಉಂಟು. ಅಗಲ ಸರಿ ಇದ್ದು ಸುಕ್ಕಿಲ್ಲದೆ ಕೂತರೆ ನಡೆಯುತ್ತದೆ, ಆದರೆ ಅಗಲ ಹೆಚ್ಚಾಗಿ ಟೈರಿನ ಅಂಚಿನ ಕೆಳಗೆ ಸಿಕ್ಕಿಕೊಂಡರೆ ಟೈರ್ ಒಂದು ಕಡೆ ಎದ್ದು ಕೂರುತ್ತದೆ.

ಟ್ಯೂಬಿನಲ್ಲಿ ಗಾಳಿ ನಿಲ್ಲುತ್ತದೆ ಎಂಬುದು ಪರೀಕ್ಷೆಯೇ ಅಲ್ಲ. ಓಡಿದ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಅದು ಮಡಿಚಿಕೊಳ್ಳುತ್ತದೆ, ಮಡಿಕೆಯಲ್ಲೇ ಹರಿಯುತ್ತದೆ. ವಾಲ್ವ್ ಬುಡವನ್ನು ಬಗ್ಗಿಸಿ ನೋಡಿ, ಹಳೆ ಟ್ಯೂಬ್ ಮೊದಲು ಸೀಳುವುದು ಅಲ್ಲಿ. ಹೊಸ ಟೈರಿಗೆ ಹೊಸ ಟ್ಯೂಬ್, ಬ್ಯುಟೈಲ್ ಎಂಬ ಕೃತಕ ರಬ್ಬರಿನದ್ದಾದರೆ ಒಳ್ಳೆಯದು. ಅದು ಓಝೋನಿಗೂ ಸುಲಭದಲ್ಲಿ ಬಗ್ಗುವುದಿಲ್ಲ, ಗಾಳಿಯನ್ನೂ ಹೆಚ್ಚು ದಿನ ಹಿಡಿಯುತ್ತದೆ.

ಮೈಸೂರು_250
ಅರ್ಥ ಆಯ್ತು, ಎರಡೂ ತೆಗೀತೀನಿ. ಪಾಲಿಶ್ ಯಾಕೆ ಬೇಡ ಅನ್ನೋದು ಇನ್ನೂ ಪೂರ್ತಿ ತಿಳೀಲಿಲ್ಲ. ಹೊಳಪಿನ ಜೊತೆ ರಕ್ಷಣೆ ಅಂತ ಡಬ್ಬಿ ಮೇಲೇ ಬರೆದಿರ್ತಾರಲ್ಲ? ಇನ್ನು 3.25-16 ಎಲ್ಲ ಅಂಗಡೀಲಿ ಇಲ್ಲ. 3.50-16 ಇಲ್ಲಾ 100/80-16 ಹಾಕಿ ಅಂತಿದ್ದಾರೆ.

ರಬ್ಬರ್_ಲ್ಯಾಬ್
ಪೆಟ್ರೋಲಿಯಂ ದ್ರಾವಕ ಇರೋ ಪಾಲಿಶ್ ಆ ಮೇಣದ ಪದರವನ್ನು ಕರಗಿಸಿ ತೆಗೆಯುತ್ತೆ, ರಬ್ಬರನ್ನು ಸ್ವಲ್ಪ ಊದಿಸಿ ಒಳಗಿನ ರಕ್ಷಕವನ್ನೂ ಎಳೆಯುತ್ತೆ. ಒಂದು ವಾರ ಕರ್ರಗೆ ಮಿಂಚುತ್ತೆ, ಆಮೇಲೆ ಮೊದಲಿಗಿಂತ ಬರಿದು. ಡೀಸೆಲ್, ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್ ಒರೆಸೋದು ಇನ್ನೂ ಕೆಟ್ಟದ್ದು. ನೀರಿನಲ್ಲಿ ಕಲಸಿದ ಸಿಲಿಕೋನ್ ಪಾಲಿಶ್ ಅಷ್ಟು ಹಾನಿ ಮಾಡೋದಿಲ್ಲ, ಆದರೆ ಅದು ಬಟನ್ ಮೇಲೆ ಬಿದ್ದರೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತೆ. ಪಕ್ಕದ ಗೋಡೆಗೆ ಬಿಳಿ ಬಣ್ಣ ಹೊಡೆಯೋ ಷೋಕಿಯೂ ಇದೇ ಸಾಲಿಗೆ ಸೇರಿದ್ದು, ಬಣ್ಣದೊಳಗಿನ ಥಿನ್ನರ್ ರಬ್ಬರಿಗೆ ಆಗೋದಿಲ್ಲ. ಸಲ್ಯೂಷನ್ ತುಂಬಿದರೆ ಬಿರುಕು ಕಾಣೋದಿಲ್ಲ ಅಷ್ಟೆ. ಕಡಿದ ಸರಪಳಿ ಕೂಡೋದಿಲ್ಲ, ಮತ್ತು ಗಾಡಿ ಮುಂದೆ ಕೊಳ್ಳುವವನಿಗೆ ಮೋಸ.

ಗಟ್ಟಿತನ ಅಳೀಬೇಕು ಅಂದರೆ ಶೋರ್-ಎ ಮೀಟರ್ ಸಿಗುತ್ತೆ. ಹೊಸ ಬೈಕ್ ಟೈರ್ ಸಾಮಾನ್ಯವಾಗಿ 60ರ ಆಸುಪಾಸು. 75 ದಾಟಿದರೆ ಬಿರುಕಿಲ್ಲದಿದ್ದರೂ ಒದ್ದೆ ರಸ್ತೆಯಲ್ಲಿ ಹಿಡಿತ ನಂಬಬೇಡಿ. ನೆರಳಲ್ಲಿ, ಟೈರ್ ತಣ್ಣಗಿದ್ದಾಗ, ಬಟನ್‌ನ ಮಧ್ಯದಲ್ಲಿ ನೇರ ಒತ್ತಿ, ಸುತ್ತಲೂ ಐದಾರು ಕಡೆ ಅಳೆದು ಸರಾಸರಿ ತೆಗೀರಿ. ಬಟನ್ ಬಹಳ ಸವೆದ ಟೈರಿನಲ್ಲಿ ಮೀಟರ್ ಕೆಳಗಿನ ದಾರದ ಪದರವನ್ನೂ ಸೇರಿಸಿ ಓದುತ್ತೆ, ಆ ಅಂಕಿ ಲೆಕ್ಕಕ್ಕಿಲ್ಲ. ಮೀಟರ್ ಇಲ್ಲವಾ, ಉಗುರಿನಿಂದ ಬಟನ್ ಅಂಚು ಒತ್ತಿ. ಗುರುತು ಬಿದ್ದು ಮತ್ತೆ ತುಂಬಿಕೊಳ್ಳಬೇಕು. ಉಗುರು ಜಾರಿದರೆ ಅದು ಮರವೇ.

ಕಡ್ಡಿಚಕ್ರ
ಅಳತೆ ವಿಷಯ. 3.50 ಹಾಕಿದರೆ ಅಗಲ ಸುಮಾರು 6 ಮಿ.ಮೀ. ಹೆಚ್ಚುತ್ತೆ, ನೆಲದಿಂದ ಎತ್ತರವೂ ಹತ್ತಿರ ಹತ್ತಿರ ಅಷ್ಟೇ. ಜಾವಾದ ಮುಚ್ಚಿದ ಚೈನ್ ಕೇಸು, ಆಳವಾದ ಮಡ್‌ಗಾರ್ಡು ಎರಡಕ್ಕೂ ತಾಗುತ್ತಾ ನೋಡದೆ ಹಾಕಬೇಡಿ. ನಿಂತಾಗ ತಾಗದಿದ್ದರೂ ಹಿಂದೆ ಒಬ್ಬರು ಕೂತು ಗುಂಡಿಗೆ ಬಿದ್ದಾಗ ತಾಗಬಹುದು. 100/80-16ರ ಎತ್ತರ ಹತ್ತಿರವೇ ಬರುತ್ತೆ, 100 ಮಿ.ಮೀ. ಅಗಲದ ಶೇಕಡಾ 80 ಅಂದರೆ 80 ಮಿ.ಮೀ., 3.25 ಇಂಚು ಅಂದರೆ 82.5 ಮಿ.ಮೀ. ಆದರೆ ಅದು ಅಗಲ ರಿಮ್ಮಿಗೆ ಮಾಡಿದ ಟೈರ್. ಕಿರಿದಾದ ಹಳೇ ರಿಮ್ಮಿಗೆ ಹಾಕಿದರೆ ಅಂಚುಗಳು ಹತ್ತಿರ ಬಂದು ಟೈರ್ ಮೇಲ್ಭಾಗ ಚೂಪಾಗಿ ಉಬ್ಬುತ್ತೆ, ನೆಲಕ್ಕೆ ನಡುಗೆರೆ ಮಾತ್ರ ತಾಗುತ್ತೆ. ಕಾದು 3.25-16ನ್ನೇ ತರಿಸಿ. ಬುಲೆಟ್‌ನವರಿಗೆ ಈ ಕಷ್ಟ ಇಲ್ಲ, 3.25-19 ಎಲ್ಲೆಡೆ ಇದೆ, ಅದಕ್ಕೆ ಹತ್ತಿರದ ಹೊಸ ಅಳತೆ 90/90-19.

ಕೊಳ್ಳುವಾಗ ಟೈರ್ ಕೈಗೆ ತಗೊಂಡು ನಾಲ್ಕಂಕಿ ಓದಿ, ದುಡ್ಡು ಆಮೇಲೆ. ಅಪರೂಪದ ಅಳತೆಗಳು ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತಿರುತ್ತವೆ. "ಬಳಸಿಲ್ಲ ಸರ್, ಹೊಸದು" ಅನ್ನೋ ಎಂಟು ವರ್ಷದ ಟೈರ್ ಎಂಟು ವರ್ಷದ್ದೇ. ಒಂದೆರಡು ವರ್ಷದ ಒಳಗಿನದು ಒಳ್ಳೆಯದು, ಮೂರರವರೆಗೆ ಚೌಕಾಸಿ ಮಾಡಿ ತಗೋಬಹುದು. ಐಎಸ್‌ಐ ಗುರುತು ನೋಡಿ, ದ್ವಿಚಕ್ರದ ಟೈರಿಗೆ ಐಎಸ್ 15627. ವೇಗದ ಅಕ್ಷರ ಜೆ ಇದ್ದರೆ 100 ಕಿ.ಮೀ., ಪಿ ಇದ್ದರೆ 150. ಜಾವಾಕ್ಕೆ ಪಿ ಇದ್ದರೆ ಧಾರಾಳ ಸಾಕು. ರೀಬಟನ್ ಟೈರ್ ಹತ್ತಿರ ಹೋಗಬೇಡಿ. ಮೇಲಿನ ರಬ್ಬರ್ ಹೊಸದು, ಕೆಳಗಿನ ದಾರ ಮತ್ತು ಪಕ್ಕದ ಗೋಡೆ ಹಳೇದೇ.

ಹಳೇಪೇಟೆ_ಟೈರ್
ಟೈರ್ ಒಳ್ಳೇದು ತಂದು ಹಾಕೋದ್ರಲ್ಲಿ ಕೆಡಿಸ್ತಾರೆ. ಸುತ್ತಿಗೆ, ಗ್ರೀಸು, ಅವಸರ ಇವು ಮೂರೇ ಶತ್ರು. ಕ್ರಮ ಹೇಳ್ತೀನಿ.

ಜಾವಾದಲ್ಲಿ ಹಿಂದಿನ ಚಕ್ರ ತೆಗೆಯೋಕೆ ಚೈನ್ ಮುಟ್ಟೋ ಹಾಗಿಲ್ಲ. ಸ್ಪ್ರಾಕೆಟ್ ಮತ್ತು ಚೈನ್ ಕೇಸ್ ಗಾಡಿಯಲ್ಲೇ ಉಳಿಯುತ್ತೆ, ಚಕ್ರ ಮಾತ್ರ ಪಕ್ಕಕ್ಕೆ ಎಳೆದರೆ ಬರುತ್ತೆ. ಬಂದಾಗ ಒಳಗಿನ ಕುಷನ್ ರಬ್ಬರ್‌ಗಳನ್ನೂ ಒತ್ತಿ ನೋಡಿ, ಟೈರ್ ಸತ್ತಷ್ಟೇ ವರ್ಷದಲ್ಲಿ ಅವೂ ಸತ್ತಿರ್ತವೆ.

ಹೊಸ ಟೈರ್ ಹಾಕೋ ಮುಂಚೆ ಅರ್ಧ ಗಂಟೆ ಬಿಸಿಲಲ್ಲಿಡಿ, ಮೆತ್ತಗಾಗುತ್ತೆ. ಅಂಚಿಗೆ ದಪ್ಪ ಸೋಪಿನ ನೀರು ಹಚ್ಚಿ. ಗ್ರೀಸ್, ಎಂಜಿನ್ ಆಯಿಲ್ ಬೇಡವೇ ಬೇಡ. ಆಯಿಲ್ ಒಣಗೋದಿಲ್ಲ, ಬ್ರೇಕ್ ಹಿಡಿದಾಗ ಟೈರ್ ರಿಮ್ ಮೇಲೆ ಜಾರಿ ವಾಲ್ವ್ ಬುಡವನ್ನು ಕಿತ್ತುಬಿಡುತ್ತೆ. ಪಕ್ಕದಲ್ಲಿ ಬಾಣ ಇದ್ದರೆ ತಿರುಗೋ ದಿಕ್ಕಿಗೆ ಇಡಿ. ಹಳದಿ ಚುಕ್ಕಿ ಇದ್ದರೆ ಅದು ಟೈರಿನ ಹಗುರ ಜಾಗ, ವಾಲ್ವ್ ಅಲ್ಲಿಗೆ ಬರಬೇಕು.

ಒಂದು ಅಂಚು ಪೂರ್ತಿ ಒಳಗೆ ಹಾಕಿ. ಟ್ಯೂಬಿಗೆ ಟಾಲ್ಕಂ ಪೌಡರ್ ಸವರಿ, ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ ಒಳಗೆ ಕೂರಿಸಿ, ನಟ್ ಎರಡು ಸುತ್ತು ಹಾಕಿ ಬಿಡಿ. ಎರಡನೇ ಅಂಚನ್ನು ವಾಲ್ವ್‌ಗೆ ಎದುರು ಕಡೆಯಿಂದ ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿ. ಉಲ್ಟಾ ಮಾಡೋರೇ ಜಾಸ್ತಿ, ಆಮೇಲೆ ಕೊನೇ ಗೇಣಿಗೆ ಲಿವರ್ ಹಾಕಿ ಟ್ಯೂಬ್ ಕಚ್ಚಿಸ್ತಾರೆ. ಗುಟ್ಟು ಇಷ್ಟೇ: ಹಾಕಿದ ಭಾಗದ ಅಂಚನ್ನು ಮೊಣಕಾಲಲ್ಲಿ ಒತ್ತಿ ರಿಮ್ ಮಧ್ಯದ ಹಳ್ಳಕ್ಕೆ ತಳ್ಳಿ, ಆಗ ಎದುರು ಕಡೆ ಸಡಿಲ ಸಿಗುತ್ತೆ. ಬಲ ಹಾಕಬೇಕಾಗಿ ಬಂತು ಅಂದರೆ ಎಲ್ಲೋ ಅಂಚು ಹಳ್ಳ ಬಿಟ್ಟು ಮೇಲೆ ಬಂದಿದೆ. ಲಿವರ್ ಇನ್ನೂ ಜೋರಾಗಿ ಎತ್ತಬೇಡಿ, ಅದನ್ನು ಹುಡುಕಿ.

ವಾಲ್ವನ್ನು ಒಮ್ಮೆ ಒಳಗೆ ಒತ್ತಿ ಬಿಡಿ, ಟ್ಯೂಬ್ ಅಂಚಿನ ಕೆಳಗೆ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತೆ. ಗಾಳಿ ತುಂಬಿ, ಪೂರ್ತಿ ಬಿಡಿ, ಮತ್ತೆ ತುಂಬಿ. ಇದರಿಂದ ಟ್ಯೂಬಿನ ಸುಕ್ಕು ಹೋಗುತ್ತೆ. ಅಂಚು ಕೂರೋಕೆ 40 ಪಿಎಸ್‌ಐ ಮೀರಬೇಡಿ. ಅಷ್ಟಕ್ಕೂ ಕೂರದಿದ್ದರೆ ಗಾಳಿ ಬಿಟ್ಟು ಮತ್ತೆ ಸೋಪು ಹಚ್ಚಿ. ರಿಮ್ ಪಕ್ಕದಲ್ಲಿ ಟೈರ್ ಮೇಲೊಂದು ಸಣ್ಣ ಗೆರೆ ಇರುತ್ತೆ, ಅದು ಸುತ್ತಲೂ ರಿಮ್‌ನಿಂದ ಒಂದೇ ದೂರದಲ್ಲಿ ಕಾಣಬೇಕು. ಕೊನೆಗೆ ಓಡಿಸೋ ಗಾಳಿಗೆ ಇಳಿಸಿ.

ವಾಲ್ವ್ ನಟ್ಟನ್ನು ರಿಮ್‌ಗೆ ಬಿಗಿ ಮಾಡಬೇಡಿ. ಮೇಲೆ ಕ್ಯಾಪ್ ಹತ್ತಿರ ತಂದು ನಿಲ್ಲಿಸಿ. ಟ್ಯೂಬ್ ಜಾರಿದರೆ ವಾಲ್ವ್ ಓರೆಯಾಗಿ ನಿಮಗೆ ಮೊದಲೇ ಗೊತ್ತಾಗುತ್ತೆ. ಬಿಗಿ ಮಾಡಿದ್ದರೆ ಗೊತ್ತಾಗೋದು ಹರಿದ ಮೇಲೆ.

ಧಾರವಾಡ_ಬುಲೆಟ್
ಛಲೋ ಬರದೀರಿ. ಗಾಡಿ ನಿಲ್ಲಸೂ ಬಗ್ಗೆ ನಾ ಹೇಳ್ತೀನಿ. ಡಬಲ್ ಸ್ಟ್ಯಾಂಡ್ ಹಾಕಿದ್ರ ಒಂದ ಚಕ್ರ ಎದ್ದಿರತೈತಿ, ಇನ್ನೊಂದು ನೆಲಕ್ಕೇ ಇರತೈತಿ. ಎಂಜಿನ್ ಕೆಳಗ ಹಲಗಿ ಕೊಟ್ಟು ಎರಡೂ ಎತ್ತರಿ. ಆಗಂಗಿಲ್ಲ ಅಂದ್ರ ಗಾಳಿ ನಾಲ್ಕೈದು ಪಿಎಸ್‌ಐ ಜಾಸ್ತಿ ತುಂಬಿ, ಎರಡು ವಾರಕ್ಕೊಮ್ಮಿ ಅರ್ಧ ಸುತ್ತು ಮುಂದ ತಳ್ರಿ. ನೈಲಾನ್ ಟೈರ್ ನಿಂತಲ್ಲೇ ಚಪ್ಪಟಿ ಆಗತೈತಿ. ಒಂದೆರಡು ದಿನದ್ದು ಸ್ವಲ್ಪ ಓಡಿ ಬಿಸಿ ಆದ ಮ್ಯಾಲ ಹೋಗತೈತಿ, ವರ್ಷದ್ದು ಹೋಗೂದಿಲ್ಲ, ಹ್ಯಾಂಡಲ್ ದಡದಡ ಅಂತಿರತೈತಿ. ಪ್ಲಾಸ್ಟಿಕ್ ಹೊದಿಕಿ ಬ್ಯಾಡ, ಹಳೇ ಹತ್ತಿ ಬೆಡ್‌ಶೀಟ್ ಹಾಕ್ರಿ. ಟೂ ಸ್ಟ್ರೋಕ್ ಗಾಡಿ ಕೆಳಗ ಪೆಟ್ರೋಲು, ಆಯಿಲ್ ಸೋರಿ ಟೈರ್ ಅದರಾಗ ನಿಂತಿರಬಾರದು. ಬಿಡಿ ಟೈರ್ ಇಡೂದಾದ್ರ ಕತ್ತಲಿ ತಂಪು ಜಾಗ, ಮೊಳಿಗೆ ತೂಗು ಹಾಕಬ್ಯಾಡ್ರಿ, ಆಕಾರ ಕೆಡತೈತಿ.

ಏಳು ವರ್ಷದ ಮಾತು ಮಾತ್ರ ನಾ ಹಿಂದಕ್ಕ ತಗೊಳ್ಳೂದಿಲ್ಲ.

ಕಡ್ಡಿಚಕ್ರ
ತಗೊಳ್ಳಬೇಡಿ. ಹಿಂದಿನ ಚಕ್ರಕ್ಕೆ ಒಪ್ತೀನಿ, ಮುಂದಿನದಕ್ಕೆ ಇಲ್ಲ.

ಕುಡ್ಲ_ಯೆಜ್ಡಿ
ಆ ಗೆರೆ ನಮೂನೆಯ ಮುಂದಿನ ಟೈರನ್ನು ಎಸೆಯಬೇಡಿ ಮಾರಾಯ್ರೆ. ಜಾವಾ, ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಂಪನಿ 1996ರಲ್ಲಿ ಮುಚ್ಚಿದ ಮೇಲೆ ಆ ಕಾಲದ ಟೈರ್ ಸಮೇತ ಇರುವ ಗಾಡಿ ಅಪರೂಪ. ವಿಂಟೇಜ್ ಪ್ರದರ್ಶನದಲ್ಲಿ ಅದಕ್ಕೆ ಬೆಲೆ ಉಂಟು. ಬೇರೆ ಒಂದು ರಿಮ್‌ಗೆ ಅದನ್ನು ಕೂರಿಸಿ, 10-12 ಪಿಎಸ್‌ಐ ಗಾಳಿ ಹಾಕಿ, ಪ್ರದರ್ಶನದ ದಿನ ಟೆಂಪೋದಲ್ಲಿ ಗಾಡಿ ಒಯ್ದು ಅಲ್ಲಿ ಜೋಡಿಸಿ. "ಓಡಿಸಲು ಅಲ್ಲ" ಎಂದು ಬಣ್ಣದಲ್ಲಿ ಒಳಮೈಗೆ ಬರೆದಿಡಿ. ನಿಮ್ಮ ನಂತರ ಗಾಡಿ ಯಾರ ಕೈಗೆ ಹೋಗುತ್ತದೋ.

ಮೈಸೂರು_250
ಪಟ್ಟಿ ಹೀಗೆ ಮಾಡಿದ್ದೀನಿ: 3.25-16 ಟೈರ್ ಎರಡು, ಅದೇ ಅಳತೆಯ ಬ್ಯುಟೈಲ್ ಟ್ಯೂಬ್ ಎರಡು, ರಿಮ್ ಪಟ್ಟಿ ಎರಡು, ಜಿಂಕ್ ಪ್ರೈಮರ್, ಕುಷನ್ ರಬ್ಬರ್ ಒಂದು ಸೆಟ್. ಹಾಕಿದ ದಿನವೇ ಶ್ರೀರಂಗಪಟ್ಟಣದವರೆಗೆ ಒಂದು ರೌಂಡ್ ಹೋಗಿ ಬರಬಹುದಾ?

ಹಳೇಪೇಟೆ_ಟೈರ್
ಹೋಗಿ, ಆದರೆ ಮೊದಲ 150 ಕಿ.ಮೀ. ಗಾಡಿ ಜೋರಾಗಿ ಬಗ್ಗಿಸಬೇಡಿ, ಗಕ್ಕಂತ ಬ್ರೇಕ್ ಹಿಡೀಬೇಡಿ. ಅಚ್ಚಿನಿಂದ ಬಂದ ನುಣುಪು ಸವೆಯಬೇಕು. ಮಾರನೇ ದಿನ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಗಾಳಿ ಅಳೆದು ನೋಡಿ, ಮೂರು ಪಿಎಸ್‌ಐಗಿಂತ ಜಾಸ್ತಿ ಇಳಿದಿದ್ದರೆ ಲಿವರ್ ಟ್ಯೂಬ್ ಕಚ್ಚಿದೆ ಅಂತ ಲೆಕ್ಕ. ಪಟ್ಟಿಗೆ ವಾಲ್ವ್ ಪಿನ್ ಎರಡು, ಲೋಹದ ಕ್ಯಾಪ್ ಎರಡು ಸೇರಿಸಿ. ಕಡ್ಡಿಗಳನ್ನು ಟೈರ್ ಹಾಕೋ ಮೊದಲೇ ಬಿಗಿ ಮಾಡಿಸಿ, ಆಮೇಲೆ ತುದಿ ಮೇಲೆ ಬಂದರೆ ಅರ ಹಿಡಿಯೋಕೆ ಎಲ್ಲ ಮತ್ತೆ ಬಿಚ್ಚಬೇಕು.